‘ಕೌಟುಂಬಿಕ ಕಾರಣ’ ಎಂಬ ಎರಡು ಪದಗಳ ಹಿಂದೆ

ಪ್ರಶ್ನೆ (ಆಶಾ ಕಾರ್ಯಕರ್ತೆ, ಶಿರಸಿ ತಾಲೂಕು): ಮೇಡಂ, ನನ್ನ ವ್ಯಾಪ್ತಿಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ದಾಟಿ ಹೋಗಬೇಕು. ಮದುವೆಯಾಗಿ ಇಲ್ಲಿಗೆ ಬಂದ ಒಬ್ಬಳು ತಲೆನೋವು, ನಿದ್ದೆಯಿಲ್ಲ ಎಂದು ಪದೇ ಪದೇ ಮಾತ್ರೆ ಕೇಳುತ್ತಾಳೆ. ಮಗುವಿನ ಚುಚ್ಚುಮದ್ದಿಗೆ ಬಂದಾಗ, ‘ನಾನಿಲ್ಲದಿದ್ದರೂ ಇವನನ್ನು ಅಜ್ಜಿ ನೋಡಿಕೊಳ್ತಾರೆ ಅಲ್ವಾ ಅಕ್ಕಾ’ ಎಂದಳು. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿದರೆ, ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದಂತಾಗುವುದೇ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಕಾರವಾರ): ಆಗುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಹೇಳಿಕೊಳ್ಳಲು ಒಬ್ಬರು ಸಿಕ್ಕರೆಂಬ ನಿರಾಳವೇ ಹೆಚ್ಚು. ಅತ್ತೆ, ಗಂಡ ಕೇಳಿಸಿಕೊಳ್ಳದ ಜಾಗದಲ್ಲಿ, ‘ಸಾಯಬೇಕು ಅನ್ನಿಸುತ್ತಿದೆಯಾ ತಂಗಿ?’ ಎಂದು ಸ್ಪಷ್ಟವಾಗಿ ಕೇಳಿ. ಹೌದೆಂದರೆ ಬುದ್ಧಿಮಾತು ಬೇಡ, ಮಗುವಿನ ಆಣೆ ಹಾಕಿಸುವುದೂ ಬೇಡ. ಆಕೆಯನ್ನು ಒಂಟಿಯಾಗಿ ಬಿಡದೆ, ಆಕೆ ನಂಬುವ ಒಬ್ಬರನ್ನು ಜೊತೆಗಿರಿಸಿ, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಉಚಿತ ಸೇವೆ ದಿನದ 24 ಗಂಟೆಯೂ ಇದ್ದು, ಕನ್ನಡದಲ್ಲೇ ಮಾತನಾಡಬಹುದು. ಆಕೆಯ ಮೊಬೈಲನ್ನು ಮನೆಯವರು ನೋಡುತ್ತಾರೆಂದರೆ ನಿಮ್ಮದರಿಂದಲೇ ಮಾಡಿ. ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ತೋಟದ ಔಷಧಿಗಳನ್ನು ಬೀಗ ಹಾಕಿಡಿಸಿ, ಕೀಲಿ ಬೇರೊಬ್ಬರ ಬಳಿ ಇರಲಿ. ತೀವ್ರವಾದ ಆ ಗಳಿಗೆ ಅನೇಕ ವೇಳೆ ಅಲ್ಪಕಾಲದ್ದು, ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಒಟ್ಟು ಪ್ರಮಾಣವೇ ಬಹಳಷ್ಟು ಇಳಿಯಿತು.

ಪ್ರಶ್ನೆ (ನಿವೃತ್ತ ಶಿಕ್ಷಕರು, ಅಂಕೋಲಾ): ಮನಸ್ಸು ಗಟ್ಟಿಯಿಲ್ಲದವರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಎನ್ನುವುದು ತಪ್ಪೇ?

ಉತ್ತರ: ತಪ್ಪು ಸರ್. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 45,026 ಮಹಿಳೆಯರಲ್ಲಿ 23,178 ಮಂದಿ ಗೃಹಿಣಿಯರು. ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಸ್ಥಿತಿಯವರಾಗಿರುವಾಗ ಅವರವರ ಮನಸ್ಸನ್ನಷ್ಟೇ ದೂರಿ ಕೂರಲಾಗದು. ಖಿನ್ನತೆ, ಅದರಲ್ಲೂ ಬಾಣಂತನದ ನಂತರದ್ದು, ನಿಜವಾದ ಕಾಯಿಲೆ ಮತ್ತು ಚಿಕಿತ್ಸೆಯಿಂದ ಗುಣವಾಗುವಂಥದ್ದು. ಆದರೆ ಹೊಡೆತ, ವರದಕ್ಷಿಣೆಯ ಕಾಟ, ಗಂಡನ ಕುಡಿತ, ಎಳೆಯ ವಯಸ್ಸಿನ ಮದುವೆ, ಸ್ವಂತ ಖರ್ಚಿಗೆ ಕೈಯಲ್ಲಿ ಹತ್ತು ರೂಪಾಯಿಯೂ ಇಲ್ಲದಿರುವುದು, ಇವನ್ನೆಲ್ಲ ‘ಕೌಟುಂಬಿಕ ಕಾರಣ’ ಎಂಬ ಎರಡೇ ಪದಗಳಲ್ಲಿ ಮುಚ್ಚಿಬಿಡುತ್ತೇವೆ. ಬಹಳಷ್ಟು ಹೆಣ್ಣುಮಕ್ಕಳು ಮೊದಲು ಹೇಳಿಕೊಳ್ಳುವುದು ತವರಿನಲ್ಲಿ. ಅಲ್ಲಿ ‘ಸ್ವಲ್ಪ ಹೊಂದಿಕೊಂಡು ಹೋಗು, ತಂಗಿಯ ಮದುವೆ ಆಗಬೇಕಲ್ಲ’ ಎಂಬ ಉತ್ತರ ಬಂದರೆ, ಅವರು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ನನ್ನನ್ನು ಕೇಳಿದರೆ, ತಡೆಯುವ ಕೆಲಸದಲ್ಲಿ ಆಸ್ಪತ್ರೆಗಿಂತ ಮೊದಲಿನ ಪಾತ್ರ ತವರಿನದು: ‘ಹೊರಟು ಬಾ, ಉಳಿದದ್ದನ್ನು ಆಮೇಲೆ ನೋಡೋಣ’ ಎನ್ನುವ ಅಪ್ಪ, ಅಣ್ಣಂದಿರು ಬೇಕು. ಹಿಂಸೆ ಇದ್ದರೆ 181 ಮಹಿಳಾ ಸಹಾಯವಾಣಿಯಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆಯನ್ನೂ, ಗಂಡನ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಕೇಳಬಹುದು. ಹಿಂದೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಊರು ಆಡಿಕೊಳ್ಳುವುದು ಇನ್ನೊಂದು ಕ್ರೌರ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.

ಪ್ರಶ್ನೆ (ಮೀನು ಮಾರಾಟ ಮಾಡುವವರು, ಕಾರವಾರ): ಜೂನ್, ಜುಲೈನಲ್ಲಿ ಬೋಟ್ ಇಳಿಯುವುದಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ವಸೂಲಿಗೆ ಬಂದವರು ಬಾಗಿಲಲ್ಲೇ ಕೂರುತ್ತಾರೆ.

ಉತ್ತರ: ಅಕ್ಕಾ, ಈ ಅವಮಾನವೂ ಜೀವ ತೆಗೆಯುವಷ್ಟು ಭಾರದ್ದು. ಕಿರುಸಾಲ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ರಾಜ್ಯವು 2025ರಲ್ಲಿ ಕಾನೂನು ತಂದಿದೆ. ಬೆದರಿಕೆ ಹಾಕಿದರೆ, ಮನೆಯೆದುರು ಕೂತು ಪೀಡಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಮಂದಿಯನ್ನು ಕರೆದುಕೊಂಡು, ಕಂತಿನ ಪುಸ್ತಕ ಹಿಡಿದುಕೊಂಡು ಹೋಗಿ. ರಾತ್ರಿ ನಿದ್ದೆ ಬಾರದೆ ಬೇರೆ ಯೋಚನೆ ಬಂದರೆ, ಬೆಳಗಾಗುವವರೆಗೆ ಕಾಯದೆ 14416ಕ್ಕೆ ಕರೆ ಮಾಡಿ.