ತೊಡಗಿಸಿಕೊಳ್ಳುವುದು: ಯಾರು, ಯಾರನ್ನು?

ಗೆಳೆಯರೇ,

ಆಪರೇಷನ್ ಥಿಯೇಟರಿನ ನರ್ಸ್‌ಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಾರದಿಂದ ಒಂದೇ ಪದದ ಹತ್ತಿರ ನಿಂತಿದ್ದೇನೆ. ಆಸ್ಪತ್ರೆಯಲ್ಲಿ ಹೊಸ ಪದ್ಧತಿ ತರುವಾಗ ‘ಸ್ಟಾಫ್ ಎಂಗೇಜ್‌ಮೆಂಟ್’ ಬೇಕು ಅನ್ನುತ್ತಾರಲ್ಲ, ಅದಕ್ಕೆ ಏನೆನ್ನೋಣ? ಹಾಗೇ ಬಿಟ್ಟರೆ ನಮ್ಮವರಿಗೆ ನಿಶ್ಚಿತಾರ್ಥ ನೆನಪಾಗುತ್ತದೆ.

ಮೊದಲು ‘ಸಿಬ್ಬಂದಿಯನ್ನು ಬದಲಾವಣೆಯಲ್ಲಿ ತೊಡಗಿಸಿಕೊಳ್ಳುವುದು’ ಎಂದು ಬರೆದೆ. ಕರಡು ಓದಿದ ಹಿರಿಯ ನರ್ಸ್ ಒಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, “ಇದ್ರಲ್ಲಿ ನಾವೇನು ಮಾಡ್ತೀವಿ? ಎಲ್ಲಾ ಅವರೇ ಮಾಡ್ತಾರೆ ಅಲ್ವಾ?” ಎಂದರು. ಸರಿಯಾದ ಮಾತು. ‘ತೊಡಗು’ ಅಂದರೆ ನಾನೇ ಇಳಿಯುವುದು. ‘ಇಸು’ ಸೇರಿತೋ, ಇನ್ನೊಬ್ಬರು ಇಳಿಸುವುದು. ಅದರ ಮೇಲೆ ‘ಕೊಳ್ಳು’ ಬಂದರೆ ಎರಡೂ ಕಡೆ ಎಳೆಯುತ್ತದೆ. ‘ತಮ್ಮನ್ನು ತೊಡಗಿಸಿಕೊಂಡರು’ ಅಂತಲೂ ಹೇಳಬಹುದು, ‘ಅವರನ್ನು ತೊಡಗಿಸಿಕೊಂಡೆವು’ ಅಂತಲೂ ಹೇಳಬಹುದು.

ಥಿಯೇಟರಿನ ಒಳಗೆ ಈ ವ್ಯತ್ಯಾಸ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್ ತಂದಿತು. ಕೊಯ್ಯುವ ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು. ರೋಗಿಯನ್ನು ಹೊರಗೆ ಕಳಿಸುವ ಮೊದಲು ಉಪಕರಣ, ಗಾಜ್ (ರಕ್ತ ಒರೆಸುವ ತೆಳು ಬಟ್ಟೆ), ಸೂಜಿಗಳ ಲೆಕ್ಕ ಸರಿಯಿದೆ ಎಂದು ನರ್ಸ್ ಬಾಯಿಬಿಟ್ಟು ಹೇಳಬೇಕು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊದಲ್ಲಿ, ಇಂಥದೇ ಪಟ್ಟಿ ಬಂದ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಹೊರಬಂದಾಗ, ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅಲ್ಲಿ ಅದು ಮೇಲಿನಿಂದ ಬಂದ ನಿಯಮವಾಗಿತ್ತು, ಜನರನ್ನು ಅಣಿಮಾಡದೆ ಕಾಗದ ಕೊಟ್ಟದ್ದೂ ಕಾರಣ ಇರಬಹುದು ಎಂದು ಹಲವರು ವಾದಿಸಿದರು. ಸುಮ್ನೆ ಟಿಕ್ ಹಾಕುವುದಕ್ಕೂ ತಲೆಯೆತ್ತಿ “ಒಂದು ಗಾಜ್ ಕಮ್ಮಿ ಇದೆ, ಡಾಕ್ಟ್ರೇ” ಎನ್ನುವುದಕ್ಕೂ ಇರುವ ಅಂತರವನ್ನು ಈ ಪದ ಹೇಳಬೇಕು.

‘ಪಾಲ್ಗೊಳ್ಳುವಿಕೆ’ ಅಂದರೆ ಮೀಟಿಂಗಿಗೆ ಬಂದು ಕೂತರೂ ಸಾಕು. ‘ಸಹಭಾಗಿತ್ವ’ ಸುತ್ತೋಲೆಯ ಮಾತು. ‘ಕೈಜೋಡಿಸು’ ನನಗೆ ಇಷ್ಟ, ಆದರೆ ‘ಕೈಜೋಡಿಸುವಿಕೆ’ ಉದ್ದವಾಯಿತು. ನಾಟಿಗೆ ಮುಯ್ಯಾಳಾಗಿ ಬಂದವರು ಕೂಲಿಗೆ ಬಂದವರ ಹಾಗಲ್ಲ, ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು ಎಂಬ ಲೆಕ್ಕ ಅವರದು. ಆ ಕಡೆಯಿಂದ ಒಂದು ಪದ ಸಿಗಬಹುದೇ ಎಂದೂ ಯೋಚಿಸಿದೆ.

ಸದ್ಯಕ್ಕೆ ‘ಇಸು’ ಕಿತ್ತು ‘ಸಿಬ್ಬಂದಿ ತಾವಾಗಿ ತೊಡಗಿಕೊಳ್ಳುವುದು’ ಎಂದು ಇಟ್ಟಿದ್ದೇನೆ. ಅದೇ ನರ್ಸ್ ಹೇಳಿದ್ದು, “ನಮ್ದು ಅಂತ ಮಾಡೋದು.” ಅಧ್ಯಾಯದ ತಲೆಬರಹಕ್ಕೆ ಇದನ್ನೇ ಹಾಕಬಹುದೇ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.