ಬ್ಲೇಡ್ ರನ್ನರ್ 2049 ನೋಡಲು ಭಯ, ಮೊದಲನೆಯದನ್ನು ಹಚ್ಚಿಕೊಂಡವರು ಏನು ಮಾಡಿದಿರಿ?

ಪ್ರಶ್ನೆ

1982ರ ಬ್ಲೇಡ್ ರನ್ನರ್ ಅಂದರೆ ನನಗೆ ಪ್ರಾಣ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಅದರ ಮುಂದುವರಿಕೆಯಾಗಿ 2017ರಲ್ಲಿ ಬಂದ ಬ್ಲೇಡ್ ರನ್ನರ್ 2049 ಇವತ್ತಿನವರೆಗೂ ನೋಡಿಲ್ಲ. ಭಯ, ಅಷ್ಟೇ. ಇಷ್ಟಪಟ್ಟ ಸರಣಿಗಳನ್ನು ಎಷ್ಟೋ ವರ್ಷ ಆದಮೇಲೆ ಎಬ್ಬಿಸಿ ಕೂರಿಸಿ ಹಾಳು ಮಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲ ಚಿತ್ರದ ನಾಯಕ ಡೆಕಾರ್ಡ್ (ಹ್ಯಾರಿಸನ್ ಫೋರ್ಡ್ ಮಾಡಿದ ಪಾತ್ರ) ಮನುಷ್ಯನಾ, ಇಲ್ಲ ಮನುಷ್ಯನ ಹಾಗೇ ತಯಾರಿಸಿದ ರೆಪ್ಲಿಕೆಂಟಾ ಅನ್ನುವುದಕ್ಕೆ ಇವರು ಉತ್ತರ ಕೊಟ್ಟುಬಿಟ್ಟಿದ್ದಾರಾ? ಇನ್ನೊಂದು, ನನ್ನ ತಮ್ಮನೂ ನೋಡುತ್ತೇನೆ ಅಂತಿದ್ದಾನೆ. ಅವನು ಮೊದಲನೆಯದನ್ನೇ ನೋಡಿಲ್ಲ. ನೋಡಿದವರು ನಿಮ್ಮ ಅನುಭವ ಹೇಳಿ. ಕಥೆ ಮಾತ್ರ ಬಿಟ್ಟುಕೊಡಬೇಡಿ, ದಯವಿಟ್ಟು.

ಉತ್ತರ 1

ನಿಮ್ಮ ಜಾಗದಲ್ಲೇ ನಾನೂ ಇದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲ ಸಲ ನೋಡಿದಾಗ ನನಗೆ ಹಿಡಿಸಲಿಲ್ಲ. ತಪ್ಪು ಚಿತ್ರದ್ದಲ್ಲ, ನಂದೇ. ಶುರುವಾದಾಗಿಂದ ಆ ಮಳೆ ಎಲ್ಲಿ, ಆ ನಿಯಾನ್ ಬೋರ್ಡುಗಳೆಲ್ಲಿ, ಹ್ಯಾರಿಸನ್ ಫೋರ್ಡ್ ಯಾವಾಗ ಬರುತ್ತಾನೆ ಅಂತ ಕಾಯುತ್ತಾ ಕೂತೆ. ಅವನು ಬರುವುದು ಒಂದೂವರೆ ಗಂಟೆ ದಾಟಿದ ಮೇಲೆ! ಅಷ್ಟು ಹೊತ್ತೂ ನಾನು ಚಿತ್ರ ನೋಡಲೇ ಇಲ್ಲ, ಹಾಜರಿ ಹಾಕುತ್ತಾ ಕೂತಿದ್ದೆ. ಹೊರಗೆ ಬಂದು ಸ್ನೇಹಿತನ ಹತ್ತಿರ "ಚೆನ್ನಾಗಿದೆ, ಆದರೆ ಅದಲ್ಲ" ಅಂದೆ. ಅವನು "ಅದೇ ಬೇಕಿದ್ದರೆ ಅದನ್ನೇ ನೋಡಬಹುದಿತ್ತಲ್ಲ" ಅಂದ. ಕೋಪ ಬಂತು. ಉತ್ತರ ಮಾತ್ರ ಬರಲಿಲ್ಲ.

ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿದೆ. ಈ ಸಲ ಹಳೆಯದನ್ನು ಹುಡುಕದೆ ಸುಮ್ನೆ ಕೆ ಅನ್ನುವವನ ಹಿಂದೆ ಹೋದೆ. ರಯಾನ್ ಗಾಸ್ಲಿಂಗ್ ಮಾಡಿರುವ ಪಾತ್ರ. ಅವನು ರೆಪ್ಲಿಕೆಂಟ್. ಇದು ಗುಟ್ಟಲ್ಲ, ಶುರುವಿನಲ್ಲೇ ಗೊತ್ತಾಗುತ್ತದೆ. ತನ್ನವರನ್ನೇ ಬೇಟೆಯಾಡುವುದು ಅವನ ಕೆಲಸ. ಕೆಲಸ ಮುಗಿಸಿ ಬಂದವನನ್ನು ಒಂದು ಪುಟ್ಟ ಬಿಳಿ ಕೋಣೆಯಲ್ಲಿ ಕೂರಿಸುತ್ತಾರೆ. ಎದುರಿಗೆ ಗೋಡೆಯಲ್ಲಿ ಒಂದು ಕ್ಯಾಮೆರಾ ಕಣ್ಣು. ಎಲ್ಲಿಂದಲೋ ಒಂದು ದನಿ ಪಟಪಟ ಅಂತ ಪ್ರಶ್ನೆ ಎಸೆಯುತ್ತದೆ, ಪ್ರೀತಿಸಿದವರ ಕೈ ಹಿಡಿದುಕೊಂಡರೆ ಹೇಗಿರುತ್ತದೆ ಅಂತೆಲ್ಲ. ಅವನು ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಹೇಳಿಕೊಟ್ಟ ಪದವನ್ನೇ ತಿರುಗಿ ಹೇಳಬೇಕು. ಒಂಚೂರು ತಡವರಿಸಿದರೂ ಮುಗಿಯಿತು.

ಹಳೆಯ ಚಿತ್ರದಲ್ಲಿ ಕಣ್ಣಿನ ಪಾಪೆ ನೋಡಿ ಮಾಡುವ ಪರೀಕ್ಷೆ ನೆನಪಿದೆ ಅಲ್ವಾ? ಅಲ್ಲಿ ಕೇಳುತ್ತಿದ್ದದ್ದು ನೀನು ಮನುಷ್ಯನಾ ಅಂತ. ಇಲ್ಲಿ ಅದು ತಿರುಗುಮುರುಗಾಗಿದೆ. ಮನುಷ್ಯ ಆಗಲು ಹೊರಟಿಲ್ಲ ತಾನೇ ಅಂತ ಕೇಳುತ್ತಾರೆ. ನನಗೆ ಚಿತ್ರ ಒಳಗೆ ಇಳಿದದ್ದು ಅಲ್ಲಿಂದ. ಹಳೆಯದನ್ನು ಚೆನ್ನಾಗಿ ಬಲ್ಲವರು ಬರೆದದ್ದು ಇದು ಅಂತ ಅನಿಸಿತು. ನಿಜ ಕೂಡ. ಹ್ಯಾಂಪ್ಟನ್ ಫ್ಯಾಂಚರ್ ಎರಡಕ್ಕೂ ಬರೆದಿದ್ದಾರೆ. ಶುರುವಿನಲ್ಲಿ ಒಂದು ಮನೆ, ಒಲೆಯ ಮೇಲೆ ಕುದಿಯುವ ಪಾತ್ರೆ, ಒಳಗೆ ಕತ್ತಲಲ್ಲಿ ಕಾಯುತ್ತಾ ಕೂತ ಪೊಲೀಸು, ಆ ಇಡೀ ದೃಶ್ಯ ಮೊದಲ ಚಿತ್ರಕ್ಕೆ ಅಂತಲೇ ಅವರು ಬರೆದು ಆಗ ಬಳಸದೆ ಉಳಿದದ್ದು.

ನೀವು ಕೇಳಿದ ಡೆಕಾರ್ಡ್ ವಿಷಯ. ಉತ್ತರ ಕೊಟ್ಟಿಲ್ಲ. ನೆಮ್ಮದಿಯಾಗಿರಿ. ಮೊದಲ ಚಿತ್ರದ ನಿರ್ದೇಶಕ ರಿಡ್ಲಿ ಸ್ಕಾಟ್ ಅವನು ರೆಪ್ಲಿಕೆಂಟ್ ಅನ್ನುತ್ತಾ ಬಂದವರು, ಫೋರ್ಡ್ ಮನುಷ್ಯ ಅಂತ ವಾದಿಸಿದವರು. ಹೊಸ ನಿರ್ದೇಶಕ ಡೆನಿ ವಿಲ್ನೂವ್ ಇಬ್ಬರ ಕಡೆಯೂ ಸೇರಲಿಲ್ಲ. ಒಂದು ಕಡೆ ಆ ಪ್ರಶ್ನೆಯನ್ನು ಎತ್ತಿ, ಕೆಣಕಿ, ಹಾಗೇ ಕೆಳಗಿಟ್ಟು ಹೋಗುತ್ತಾರೆ. ಇಷ್ಟು ಸಾಕು, ಮುಂದಿನದು ನೀವೇ ನೋಡಿ. ಒಂದೇ ಸುಳಿವು: ಸರಣಿ ಚಿತ್ರಗಳಿಗೆ ಒಂದು ಚಟ ಇರುತ್ತದೆ, ನಾಯಕ ಅಂದಮೇಲೆ ಅವನೇ ಎಲ್ಲದಕ್ಕೂ ಹುಟ್ಟಿಬಂದವನು ಅಂತ. ಆ ಚಟಕ್ಕೆ ಇಲ್ಲಿ ಏನು ಮಾಡಿದ್ದಾರೆ ಅನ್ನುವುದನ್ನು ಗಮನಿಸಿ.

ಉತ್ತರ 2

ತಮ್ಮನ ವಿಷಯಕ್ಕೆ ಬರುತ್ತೇನೆ. ಮೊದಲನೆಯದನ್ನು ತೋರಿಸದೆ 2049ಕ್ಕೆ ಕೂರಿಸಬೇಡಿ. ಕಥೆ ಹೇಗೋ ಅರ್ಥವಾಗುತ್ತದೆ, ಆದರೆ ಮೊದಲ ಚಿತ್ರದಲ್ಲಿ ಡೆಕಾರ್ಡ್ ಪ್ರೀತಿಸಿದ ರೇಚಲ್ ಹೆಸರು ಬಂದಾಗ ನಿಮ್ಮ ಎದೆ ಧಸಕ್ಕೆಂದರೆ ಅವನು ಮಿಕಿಮಿಕಿ ನೋಡುತ್ತಾನೆ.

ಯಾವ ಆವೃತ್ತಿ ಅನ್ನುವುದು ಮುಖ್ಯ. ನಾನು ನನ್ನ ಗೆಳತಿಗೆ ಕೈಗೆ ಸಿಕ್ಕ 1982ರ ಆವೃತ್ತಿ ತೋರಿಸಿ ಕೆಟ್ಟೆ. ಅದರಲ್ಲಿ ಫೋರ್ಡ್ ಹಿನ್ನೆಲೆಯಲ್ಲಿ ಎಲ್ಲವನ್ನೂ ವಿವರಿಸುತ್ತಾ ಹೋಗುತ್ತಾನೆ, ಕಣ್ಣೆದುರು ಕಾಣುತ್ತಿರುವುದನ್ನೂ ಸೇರಿಸಿ. ಕೊನೆಗೆ ಹಸಿರು ಬೆಟ್ಟದ ನಡುವೆ ಕಾರಲ್ಲಿ ಹೋಗುವ ಸುಖಾಂತ್ಯ ಬೇರೆ. ಆ ಬೆಟ್ಟಗಳ ಶಾಟ್ ಕೂಡ ಸ್ಟಾನ್ಲಿ ಕುಬ್ರಿಕ್ ತಮ್ಮ ದಿ ಶೈನಿಂಗ್‌ಗೆ ತೆಗೆದು ಬಿಟ್ಟದ್ದು. ಗೆಳತಿ "ಇದಕ್ಕಾ ಇಷ್ಟು ಹಾರಾಡಿದ್ದು?" ಅಂದಳು. 1992ರ ಆವೃತ್ತಿಯಲ್ಲಿ ಆ ವಿವರಣೆಯೂ ಆ ಅಂತ್ಯವೂ ಹೋಗಿ ಡೆಕಾರ್ಡ್ ಕಾಣುವ ಯುನಿಕಾರ್ನ್ (ಒಂಟಿ ಕೊಂಬಿನ ಕುದುರೆ) ಕನಸು ಬಂತು. 2007ರ ಫೈನಲ್ ಕಟ್ ರಿಡ್ಲಿ ಸ್ಕಾಟ್ ಪೂರ್ತಿ ತಮ್ಮಿಷ್ಟದಂತೆ ಮಾಡಿದ್ದು. ಅದನ್ನೇ ತೋರಿಸಿ, ಎರಡು ಗಂಟೆಯೂ ಇಲ್ಲ.

ಸಂಬಂಧ ಇಲ್ಲದ ಮಾತು ಒಂದು. ಆ ಚಿತ್ರದ ಕಥೆ ನಡೆಯುವುದು 2019ರ ನವೆಂಬರಿನಲ್ಲಿ, ಡೆಕಾರ್ಡ್ ಬೇಟೆಯಾಡುವ ರೆಪ್ಲಿಕೆಂಟ್ ರಾಯ್ ಬ್ಯಾಟಿ ಮಳೆಯಲ್ಲಿ ಕೂತು ಸಾಯುವುದು ಆಗಲೇ. ಆ ಪಾತ್ರ ಮಾಡಿದ ರುಟ್ಗರ್ ಹೌವರ್ ತೀರಿಕೊಂಡದ್ದೂ 2019ರಲ್ಲೇ, ಜುಲೈನಲ್ಲಿ. ಸುದ್ದಿ ಓದಿದ ದಿನ ಕೆಲಸ ಓಡಲಿಲ್ಲ.

ಉತ್ತರ 3

ಫೋನಲ್ಲಿ ಮಾತ್ರ ನೋಡಬೇಡಿ. ನಾನು ರಾತ್ರಿ ಬಸ್ಸಲ್ಲಿ ಕೂತು ನೋಡಿದೆ. ಚಿತ್ರದ ಅರ್ಧ ಭಾಗ ಕತ್ತಲು, ಆ ಕತ್ತಲಲ್ಲೆಲ್ಲ ಪರದೆ ಮೇಲೆ ನನ್ನ ಮುಖವೇ ಕಾಣುತ್ತಿತ್ತು. ಲಾಸ್ ವೇಗಸ್ ಭಾಗ ಪೂರ್ತಿ ಕಿತ್ತಳೆ ಬಣ್ಣದ ಧೂಳು, ಅದು ಅಂಗೈಯಗಲದಲ್ಲಿ ಸುಮ್ನೆ ಒಂದು ಬಣ್ಣದ ಚೌಕ ಅಷ್ಟೇ. ಆಮೇಲೆ ದೊಡ್ಡ ಟಿವಿಯಲ್ಲಿ ದೀಪ ಆರಿಸಿ ನೋಡಿದೆ, ಬೇರೆಯೇ ಚಿತ್ರ. ಕ್ಯಾಮೆರಾ ಹಿಡಿದ ರಾಜರ್ ಡೀಕಿನ್ಸ್‌ಗೆ ಅದಕ್ಕೂ ಮೊದಲು 13 ಸಲ ಹೆಸರು ಹೋಗಿಯೂ ಆಸ್ಕರ್ ಸಿಕ್ಕಿರಲಿಲ್ಲ, ಸಿಕ್ಕಿದ್ದು ಇದಕ್ಕೆ. ಸೌಂಡ್ ಬಗ್ಗೆ ಎಚ್ಚರ. ಪಿಸುಮಾತು ಕೇಳಲಿ ಅಂತ ಜಾಸ್ತಿ ಮಾಡಿಟ್ಟರೆ ಮರುಕ್ಷಣ ಸಂಗೀತ ಗುಡುಗಿ ಮನೆಯವರೆಲ್ಲ ಏಳುತ್ತಾರೆ.

ಉತ್ತರ 4

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ಅಪಸ್ವರ ಎತ್ತುತ್ತೇನೆ. 163 ನಿಮಿಷ ಜಾಸ್ತಿಯಾಯಿತು. ರೆಪ್ಲಿಕೆಂಟ್ ತಯಾರಿಸುವ ಕಂಪನಿಯ ಒಡೆಯ ವ್ಯಾಲೆಸ್ (ಜಾರೆಡ್ ಲೆಟೊ ಮಾಡಿರುವ ಪಾತ್ರ) ಬಂದಾಗಲೆಲ್ಲ ಪ್ರವಚನ. ಮೊದಲ ಚಿತ್ರದಲ್ಲಿ ಅದೇ ಕೆಲಸ ಮಾಡುತ್ತಿದ್ದ ಟೈರೆಲ್ ಚೆಸ್ ಆಡುತ್ತಾ ಎರಡು ಮಾತಾಡಿದರೆ ಮೈ ಜುಂ ಅನ್ನುತ್ತಿತ್ತು. ರೆಪ್ಲಿಕೆಂಟ್‌ಗಳ ದಂಗೆಯ ಗುಂಪೊಂದು ಕೊನೆಯಲ್ಲಿ ಬಂದು, ಇನ್ನೊಂದು ಭಾಗಕ್ಕೆ ಅರ್ಜಿ ಹಾಕಿದ ಹಾಗೆ ನಿಂತು, ಮಾಯವಾಗುತ್ತದೆ. ಜೋಯಿ ಪಾತ್ರ, ಅದೇ ಕೆ ಮನೆಯಲ್ಲಿರುವ ಹೊಲೋಗ್ರಾಮ್ ಹುಡುಗಿ, ಅದರ ಬಗ್ಗೆ ನಾನು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಅವಳ ಪ್ರೀತಿ ನಿಜವೋ, ಕಂಪನಿ ಮಾರುವ ಮಾತೋ ಅನ್ನುವ ಅನುಮಾನ ಚಿತ್ರವೇ ಹುಟ್ಟಿಸುತ್ತದೆ, ಅದು ಸರಿ. ಆದರೆ ಹೆಣ್ಣಿನ ಪಾತ್ರಗಳು ಒಂದಾದ ಮೇಲೊಂದು ಸಾಯುವುದನ್ನು ಎಣಿಸುತ್ತಾ ಹೋದರೆ ಇರಿಸುಮುರಿಸಾಗುತ್ತದೆ.

ಹಾಗಂತ ನೋಡಬೇಡಿ ಅನ್ನುತ್ತಿಲ್ಲ. ನಾನೇ ಮೂರು ಸಲ ನೋಡಿದ್ದೇನೆ, ಬೈಯುತ್ತಲೇ.

ಉತ್ತರ 5

ಮೂರು ಕಿರುಚಿತ್ರಗಳಿವೆ, 2022, 2036, 2048ರಲ್ಲಿ ನಡೆಯುವ ಕಥೆಗಳು. ಸಮಯ ಇಲ್ಲದಿದ್ದರೆ 2022ರದ್ದೊಂದು ಸಾಕು, ಶಿನಿಚಿರೋ ವಟನಾಬೆ ಮಾಡಿರುವ ಅನಿಮೆ. ಕರೆಂಟ್ ಹೋಗಿ ಹಳೆಯ ದಾಖಲೆಗಳೆಲ್ಲ ಅಳಿಸಿಹೋದ ಕತ್ತಲೆಯ ಕಥೆ ಅದರಲ್ಲಿದೆ, ಚಿತ್ರದಲ್ಲಿ ಬರೀ ಮಾತಲ್ಲಿ ಬಂದುಹೋಗುತ್ತದೆ. ದುಡ್ಡು ಮಾಡದ ಚಿತ್ರ ಅಂತ ಯಾರಾದರೂ ಹೆದರಿಸಿದರೆ ತಲೆಕೆಡಿಸಿಕೊಳ್ಳಬೇಡಿ, 1982ರದ್ದೂ ಆಗ ಓಡಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ನೋಡಿಬಿಟ್ಟೆವು. ಶನಿವಾರ ಫೈನಲ್ ಕಟ್, ಭಾನುವಾರ ಇದು. ಎಲ್ಲರಿಗೂ ಥ್ಯಾಂಕ್ಸ್. ನೋಡದವರು ಇಲ್ಲಿಂದ ಮುಂದೆ ಓದಬೇಡಿ.

ಮರದ ಕುದುರೆಯ ನೆನಪು ತನ್ನದೇ ಅಂತ ಕೆ ನಂಬಿದಾಗ ನಾನೂ ನಂಬಿದೆ. ಹಾಗಾಗಿ ಅದು ಬೇರೆಯವರದ್ದು ಅಂತ ಗೊತ್ತಾದಾಗ ಅವನಿಗಿಂತ ನನಗೇ ಜಾಸ್ತಿ ಪೆಟ್ಟಾಯಿತೇನೋ. ವ್ಯಾಲೆಸ್ ಹೊಸ ರೇಚಲ್‌ಳನ್ನು ತಂದು ನಿಲ್ಲಿಸಿದಾಗ ಡೆಕಾರ್ಡ್ ಅವಳ ಕಣ್ಣು ಹಸಿರಾಗಿತ್ತು ಅನ್ನುತ್ತಾನೆ. ಹಿಂದಿನ ದಿನವಷ್ಟೇ ನೋಡಿದ್ದೆವು, ರೇಚಲ್ ಕಣ್ಣು ಕಂದು. ಬೇಕಂತಲೇ ಸುಳ್ಳು ಹೇಳಿದ ಅಂತ ನನ್ನ ಲೆಕ್ಕ. ಕೊನೆಯಲ್ಲಿ ಕೆ ಮೆಟ್ಟಿಲ ಮೇಲೆ ಹಿಮ ಬೀಳುತ್ತಿರುವಾಗ ಒರಗಿಕೊಳ್ಳುತ್ತಾನಲ್ಲ, ಆಗ ಹಳೆಯ ಚಿತ್ರದಲ್ಲಿ ಮಳೆಯಲ್ಲಿ ಕೇಳಿದ ಸಂಗೀತಗಾರ ವಾಂಗೆಲಿಸ್ ಮಾಡಿದ ಟ್ಯೂನ್ ಬಂತು. ತಮ್ಮ ನನ್ನ ಕಡೆ ತಿರುಗಿ "ಇದು ನಿನ್ನೆಯದು" ಅಂದ. ಗಂಟಲು ಕಟ್ಟಿತ್ತು, ತಲೆಯಾಡಿಸಿದೆ.

ಈಗ ಮನೆಯಲ್ಲಿ ಹೊಸ ಜಗಳ. ಡೆಕಾರ್ಡ್ ಮನುಷ್ಯನೋ ಅಲ್ಲವೋ ಅನ್ನುವುದು ತಮ್ಮನಿಗೆ ಬೇಕಾಗಿಯೇ ಇಲ್ಲ. ಲಾಸ್ ವೇಗಸ್‌ನಲ್ಲಿ ಡೆಕಾರ್ಡ್ ಸಾಕಿಕೊಂಡ ನಾಯಿ ನಿಜವಾದದ್ದಾ ಅಂತ ಕೆ ಕೇಳುತ್ತಾನೆ, ಗೊತ್ತಿಲ್ಲ ಅದನ್ನೇ ಕೇಳು ಅನ್ನುತ್ತಾನೆ ಡೆಕಾರ್ಡ್. ಅದು ನಿಜವಾದ ನಾಯಿಯೇ ಅಂತ ತಮ್ಮ ಹಟ ಹಿಡಿದಿದ್ದಾನೆ, ಕುಡಿಯುವುದನ್ನು ನೋಡಿದೆ ಅನ್ನುತ್ತಾನೆ. ಚೆಲ್ಲಿದ ವಿಸ್ಕಿ ನೆಕ್ಕಿದ್ದು ಹೌದು, ನಾನೂ ನೋಡಿದೆ. ರೆಪ್ಲಿಕೆಂಟ್‌ಗಳೂ ಕುಡಿಯುತ್ತಾರೆ ಅಲ್ವಾ?