‘ಸಂಜೆ ಏಳಾದ್ರೆ ಕೈ ತಾನಾಗೇ ಬಾಟ್ಲಿ ಹುಡುಕುತ್ತೆ’: ಓದುಗರ ಸ್ಪಂದನ

ನಿಮ್ಮ ಪತ್ರ ಓದ್ದೆ. ಟೆನ್ಶನ್ ತಡೀಲಾರ್ದೆ, ನಿದ್ದೆ ಬರ್ಲಿ ಅಂತ ಕುಡಿಯೋಕೆ ಶುರು ಮಾಡಿದ್ದು, ಈಗ ಕುಡೀದೇ ಇದ್ರೆ ನಿದ್ದೆ ಹತ್ತಲ್ಲ, ಕುಡಿದ್ರೆ ಬೆಳಗಿನ ಜಾವ ಮೂರು ಗಂಟೆಗೆ ಎದೆ ಡವಡವ ಅಂತ ಎಚ್ಚರ ಆಗುತ್ತೆ ಅಂತ ಬರ್ದಿದೀರಲ್ಲ, ನಾನೂ ಅದೇ ದಾರೀಲಿ ಬಂದವನು, ಅದಕ್ಕೇ ಬರೀತಿದೀನಿ. ಮೊದ್ಲು ಒಂದು ಮಾತು. ‘ನಾಳೆಯಿಂದ ಒಂದೇ ಸಲಕ್ಕೆ ಬಿಟ್ಬಿಡ್ತೀನಿ’ ಅಂದಿದೀರಿ, ದಯವಿಟ್ಟು ಡಾಕ್ಟ್ರನ್ನ ಕೇಳ್ದೆ ಹಾಗೆ ಮಾಡ್ಬೇಡಿ. ದಿನಾ ಜಾಸ್ತಿ ಕುಡಿಯೋರು ದಿಢೀರಂತ ನಿಲ್ಸಿದ್ರೆ ಕೈನಡುಕ, ಬೆವರು, ವಾಂತಿ ಅಷ್ಟೇ ಅಲ್ಲ, ಕೆಲವರಿಗೆ ಮೊದಲ ಎರಡು ದಿನದೊಳಗೇ ಫಿಟ್ಸ್ ಬರುತ್ತೆ, ಎರಡು ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣೋದು, ತಾನೆಲ್ಲಿದೀನಿ ಅನ್ನೋದೇ ತಿಳೀದೇ ಹೋಗೋದು ಆಗ್ಬಹುದು, ಅದು ಜೀವಕ್ಕೇ ಕುತ್ತು. ಡಾಕ್ಟ್ರು ಕೆಲವು ದಿನಕ್ಕೆ ಮಾತ್ರೆ ಕೊಟ್ಟು, ಜೊತೆಗೆ ವಿಟಮಿನ್ ಬಿ1 ಕೊಟ್ಟು, ನಡುಕ ನೋಡ್ಕೊಂಡು ಆ ಮಾತ್ರೇನ ಇಳಿಸ್ತಾ ಬರ್ತಾರೆ. ಇದು ನಿಮ್ಮ ಮನಸ್ಸು ಗಟ್ಟಿಯೋ ಅಲ್ವೋ ಅನ್ನೋ ಪ್ರಶ್ನೆಯೇ ಅಲ್ಲ, ಮಿದುಳಿನ ಕೆಲಸ. ಆಲ್ಕೋಹಾಲ್ ಮಿದುಳನ್ನ ಮಂಕು ಮಾಡುತ್ತೆ, ಮಿದುಳು ಅದಕ್ಕೆ ಎದುರಾಗಿ ತನ್ನನ್ನ ತಾನೇ ಹುರಿಗೊಳಿಸ್ಕೊಳ್ಳುತ್ತೆ, ರಾತ್ರಿ ಅಮಲು ಇಳಿದ್ಮೇಲೆ ಆ ಹುರುಪು ಮಾತ್ರ ಉಳ್ಕೊಳ್ಳುತ್ತೆ, ಆ ಮೂರು ಗಂಟೆ ಎದೆಬಡಿತ ಬಹಳ ಮಟ್ಟಿಗೆ ಅದೇ. ಅಂದ್ರೆ ಯಾವ ಟೆನ್ಶನ್‌ಗೆ ಅಂತ ಕುಡೀತಿದೀರೋ ಅದನ್ನ ಕುಡಿತಾನೇ ಹೆಚ್ಚಿಸ್ತಿದೆ.

ಇನ್ನು ಸಂಜೆ ಏಳು ಗಂಟೆ. ಆ ಹೊತ್ತಲ್ಲಿ ಕೂತು ‘ಕುಡೀಬಾರ್ದು, ಕುಡೀಬಾರ್ದು’ ಅಂತ ಹಲ್ಲು ಕಚ್ಚಿದ್ರೆ ಆಗೋದಿಲ್ಲ, ತಲೇಲಿ ಅದೇ ತುಂಬಿರುತ್ತೆ. ನಂಗೆ ಕೆಲಸಕ್ಕೆ ಬಂದಿದ್ದು ಏಳಕ್ಕಿಂತ ಮುಂಚೆ ಮಾಡಿಟ್ಕೊಂಡಿದ್ದು: ಹೊಟ್ಟೆ ತುಂಬ ಊಟ ಮುಗಿಸೋದು, ಶೂ ಬಾಗಿಲ ಹತ್ರ ಇಡೋದು, ಗಂಟೆ ಹೊಡೀತಿದ್ದಂಗೆ ಹಾಕ್ಕೊಂಡು ಆಚೆ. ಮೊದಮೊದಲು ಲೇಸ್ ಕಟ್ಟೋಕೂ ಬೆರಳು ಸೋಲ್ತಿತ್ತು, ಗಂಟು ಬಿಚ್ಚಿ ಮತ್ತೆ ಹಾಕಿ, ಅಷ್ಟರಲ್ಲೇ ಕೆಲವು ನಿಮಿಷ ಕಳ್ದೋಗಿರೋದು. ಕುಡೀಬೇಕು ಅನ್ನೋ ಆ ಚಡಪಡಿಕೆ ಏರುತ್ತೆ, ಏರಿದ್ದು ಇಳಿಯುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಅಲನ್ ಮಾರ್ಲಾಟ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಇದರ ಮೇಲೇ ಒಂದು ವಿಧಾನ ಹೇಳಿಕೊಟ್ಟಿದಾರೆ, ಅರ್ಜ್ ಸರ್ಫಿಂಗ್ ಅಂತಾರೆ, ಆಸೆ ಬಂದಾಗ ಜಗಳಕ್ಕೆ ನಿಲ್ಲದೇ ಅದು ಮೈಯಲ್ಲಿ ಎಲ್ಲಿದೆ, ಗಂಟಲಲ್ಲಾ, ದವಡೇಲಾ, ಅಂಗೈಲಾ ಅಂತ ಸುಮ್ನೆ ಗಮನಿಸ್ತಾ ಇರೋದು, ಅಲೆ ಥರ ಅದು ತಾನೇ ಒಡೆದು ಹೋಗುತ್ತೆ. ಕೇಳೋಕೆ ಏನೋ ಅನ್ಸುತ್ತೆ, ಮಾಡಿ ನೋಡಿ.
– ಬಿಟ್ಟವನೊಬ್ಬ

ತಮ್ಮಾ, ನಾನು ಕುಡಿಯೋಳಲ್ಲ, ಕುಡಿಯೋ ಅಣ್ಣನ ಜೊತೆ ಬೆಳೆದೋಳು. ನೀನು ‘ಮನೇಲಿ ಯಾರಿಗೂ ಗೊತ್ತಾಗಬಾರ್ದು’ ಅಂತ ಬರ್ದಿದೀಯಲ್ಲ ಅದು ಓದಿ ಹೊಟ್ಟೆ ಸಂಕಟ ಆಯ್ತು. ಎಲ್ಲರಿಗೂ ಹೇಳ್ಬೇಡ, ಒಬ್ಬರಿಗೆ ಹೇಳು, ಬೈಯ್ಯದೇ ಕೇಳಿಸ್ಕೊಳ್ಳೋ ಒಬ್ಬರಿಗೆ. ಹೇಳುವಾಗ ಏನು ಮಾಡ್ಬೇಕು ಅಂತಾನೂ ಹೇಳ್ಬಿಡು, ‘ನಾನು ಫೋನ್ ಮಾಡಿದ್ರೆ ಬುದ್ಧಿ ಹೇಳೋದು ಬೇಡ, ಹತ್ತು ನಿಮಿಷ ಏನಾದ್ರೂ ಮಾತಾಡ್ತಾ ಇರು ಅಷ್ಟೇ’ ಅಂತ. ನಮ್ಮಣ್ಣ ಫೋನ್ ಮಾಡಿ ಏನೂ ಮಾತಾಡ್ತಿರ್ಲಿಲ್ಲ, ಬರೀ ಉಸಿರು ಕೇಳ್ಸೋದು, ನಾನು ಬಟ್ಟೆ ಮಡಚ್ತಾ ಯಾವ್ದು ಯಾರ್ದು ಅಂತ ಹೇಳ್ತಾ ಇರ್ತಿದ್ದೆ. ಮನೇಲಿ ಬಾಟ್ಲಿ ಇಟ್ಕೋಬೇಡ, ‘ಗೆಸ್ಟ್‌ಗೆ’ ಅಂತಾನೂ ಇಟ್ಕೋಬೇಡ. ಆಮೇಲೆ, ‘ಏನೂ ಮಾಡೋಕೆ ಮನಸ್ಸಿಲ್ಲ’ ಅಂದೆಯಲ್ಲ, ಮನಸ್ಸು ಬರ್ಲಿ ಅಂತ ಕಾದ್ರೆ ಅದು ಬರೋದೇ ಇಲ್ಲ ಕಣೋ, ಖಿನ್ನತೆ ಲಕ್ಷಣಾನೇ ಅದು. ಹಾಸಿಗೆ ಮಡಚೋದು, ಮುಖ ತೊಳೆಯೋದು, ಬಿಸಿಲಿಗೆ ಬಂದು ನಿಲ್ಲೋದು, ಮನಸ್ಸಿಲ್ದೇನೇ ಮಾಡು, ಮನಸ್ಸು ನಿಧಾನಕ್ಕೆ ಹಿಂದಿಂದ ಬರುತ್ತೆ.
– ಅಕ್ಕ ಅಂದ್ಕೋ

ನಾನು ವ್ಯಸನಮುಕ್ತಿ ಕೇಂದ್ರದಲ್ಲಿ ನರ್ಸ್. ‘21 ದಿನ ಮಾಡಿದ್ರೆ ಅಭ್ಯಾಸ ಆಗುತ್ತಂತೆ, ನಾನು ನಡುವೆ ತಪ್ಪಿದೆ, ಎಲ್ಲಾ ಹೋಯ್ತು’ ಅಂತ ಬರ್ದಿದೀರಿ. ಆ 21ರ ಲೆಕ್ಕ ಬಿಟ್ಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನ ಇಟ್ಕೊಂಡು ನೋಡಿದಾಗ ಒಂದು ಹೊಸ ಅಭ್ಯಾಸ ಕೂರೋಕೆ ಹೆಚ್ಚುಕಮ್ಮಿ 66 ದಿನ ಬೇಕಾಯ್ತು, ಕೆಲವರಿಗೆ 18, ಕೆಲವರಿಗೆ 254ರ ತನಕ ಲೆಕ್ಕ ಬಂತು, ನಡುವೆ ಒಂದು ದಿನ ತಪ್ಪಿದ್ರೆ ಅಂಥ ವ್ಯತ್ಯಾಸ ಏನೂ ಆಗ್ಲಿಲ್ಲ. ಅದು ನೀರು ಕುಡಿಯೋದು, ಓಡೋದು ಇಂಥ ಅಭ್ಯಾಸಗಳ ಮೇಲೆ ಮಾಡಿದ್ದು, ಚಟ ಬಿಡೋದ್ರ ಮೇಲಲ್ಲ, ಆದ್ರೆ ವಾಕಿಂಗ್ ಒಂದು ದಿನ ತಪ್ಪಿತು ಅಂತ ಆ ರಾತ್ರಿ ಗ್ಲಾಸ್ ಹಿಡಿಯೋ ಅಗತ್ಯ ಇಲ್ಲ ಅನ್ನೋಕೆ ಅಷ್ಟು ಸಾಕು.

ಮೇಲಿನವರಿಬ್ರೂ ಹೇಳಿದ್ದು ಸರಿ, ಆದ್ರೆ ಬರೀ ಅಭ್ಯಾಸದಿಂದಲೇ ಎಲ್ಲಾ ಆಗುತ್ತೆ ಅಂತ ಹೊರೆ ಹೊತ್ಕೋಬೇಡಿ. ಕುಡಿಯೋ ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳಿವೆ, ಯಾವ್ದು ನಿಮಗೆ ಆಗುತ್ತೆ ಅನ್ನೋದು ಲಿವರ್, ಕಿಡ್ನಿ ನೋಡಿ ಡಾಕ್ಟ್ರು ಹೇಳ್ತಾರೆ. ಆತಂಕಕ್ಕೂ ಕುಡಿತಕ್ಕೂ ಒಟ್ಟಿಗೇ ಚಿಕಿತ್ಸೆ ತಗೊಳ್ಳಿ. ‘ಒಮ್ಮೊಮ್ಮೆ ಬದುಕೇ ಬೇಡ ಅನ್ಸುತ್ತೆ’ ಅಂತ ಒಂದೇ ಸಾಲಲ್ಲಿ ಬರ್ದು ಮುಂದೆ ಹೋಗಿದೀರಿ, ನಂಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಅದೇ. ಅದನ್ನ ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಮತ್ತೆ ಆ ಯೋಚನೆ ಬಂದ್ರೆ ಒಬ್ರೇ ಇರ್ಬೇಡಿ, ನೇರ ಆಸ್ಪತ್ರೆಗೆ ಹೋಗಿ. ಡಾಕ್ಟ್ರ ಹತ್ರ ಎಷ್ಟು ಕುಡೀತೀರಿ ಅನ್ನೋದನ್ನ ಕಮ್ಮಿ ಮಾಡಿ ಹೇಳ್ಬೇಡಿ, ಮಾತ್ರೆ ಡೋಸ್ ಅದ್ರ ಮೇಲೇ ನಿಂತಿರುತ್ತೆ. ನಿದ್ದೆ ಮಾತ್ರೆ ಏನಾದ್ರೂ ನುಂಗ್ತಿದ್ರೆ ಅದನ್ನೂ ಹೇಳಿ, ಕುಡಿತದ ಜೊತೆ ಅದು ಸೇರಿದ್ರೆ ಉಸಿರೇ ನಿಲ್ಲೋ ಅಪಾಯ ಇದೆ.
– ಒಬ್ಬ ನರ್ಸ್